ಸೌಮ್ಯ ತೊಡಿಸಿದ ಮುಖ

ಪಡುಗರೆ ಬಂದರಿನ ಗೋಪುರದಲ್ಲಿ ಕುಳಿತು ಹಡಗುಗಳಿಗೆ ದಾರಿ ಹೇಳುತ್ತಲೇ ವಿನೋದಿನಿ ಕರ್ಕೇರ ಕೂದಲು ನರೆಸಿಕೊಂಡವಳು. ಅಷ್ಟು ವರ್ಷಗಳಲ್ಲಿ ಅವಳೊಡನೆ ಜಗಳಾಡಿದ ಕಪ್ತಾನರಿದ್ದರು, ಹಲ್ಲು ಕಡಿದವರಿದ್ದರು, ಬಿರುಗಾಳಿಯಲ್ಲಿ ಅವಳ ದನಿಯನ್ನೇ ಹಿಡಿದು ದಡ ಸೇರಿದವರಿದ್ದರು. ಅವಳ ಆಜ್ಞೆ ಕೇಳಿ ಮುಗುಳ್ನಕ್ಕವರು ಮಾತ್ರ ಒಬ್ಬರೂ ಇರಲಿಲ್ಲ. ಆದ್ದರಿಂದ ‘ಸೌಮ್ಯ’ ಎಂಬ ಯಂತ್ರ ಬಂದ ಹೊಸತರಲ್ಲಿ, “ವೇಗ ಇಳಿಸಿ, ಈಗಲೇ” ಎಂದದ್ದಕ್ಕೆ ಪರದೆಯ ಮೇಲಿನ ಬಿಳಿಯ ಕಪ್ತಾನನೊಬ್ಬ ಎದೆಯ ಮುಂದೆ ಕೈಜೋಡಿಸಿ, ತಲೆ ಬಾಗಿಸಿ, ಕಣ್ಣು ಮಿಟುಕಿಸಿದಾಗ ಅವಳಿಗೆ ಸಿಟ್ಟು ಬರಲಿಲ್ಲ. ಪಾಪ, ಬಿಸಿಲು ತಲೆಗೇರಿರಬೇಕು ಅಂದುಕೊಂಡಳು.

ಪಕ್ಕದ ಕುರ್ಚಿಯ ಹಸನಬ್ಬನ ಅನುಭವ ಇದಕ್ಕೆ ಉಲ್ಟಾ. ಗೋಪುರದಲ್ಲಿ ಅವನಷ್ಟು ಮೆದು ಮನುಷ್ಯ ಇನ್ನೊಬ್ಬನಿಲ್ಲ. ಅವನ ಬುತ್ತಿಯ ಮೀನಿನಲ್ಲಿ ಅರ್ಧ ಕೆಳಗಿನ ಬೆಕ್ಕುಗಳಿಗೇ ಹೋಗುತ್ತಿತ್ತು. ಅಂಥವನು “ಗುಡ್ ಮಾರ್ನಿಂಗ್” ಅಂದರೆ ಸಾಕು, ಹಡಗಿನವರು ಬಾಗಿಲು ಹಾಕಿಕೊಂಡು ಕಾವಲಿನವರನ್ನು ಕರೆಯುತ್ತಿದ್ದರು.

“ನನ್ನ ಮುಖದಲ್ಲಿ ಇವರಿಗೆ ಎಂತ ಕಾಣ್ತದೆ ಅಕ್ಕ?” ಎಂದು ಅವನು ಗಡ್ಡ ಸವರಿಕೊಂಡು ಕೇಳಿದ.

“ನೀನು ಸವರ್ತಾ ಇದ್ದೀಯಲ್ಲ, ಅದು,” ಎಂದಳು ವಿನೋದಿನಿ.

ಅವಳು ತಮಾಷೆಗೆ ಹೇಳಿದ್ದು ನಿಜವೇ ಆಗಿತ್ತು. ಆದರೆ ಅದು ಗೊತ್ತಾಗಲು ಇನ್ನೂ ಕಾಲವಿತ್ತು.

ಸೌಮ್ಯ ಎಂದರೆ ಮಾತಿಗೂ ಕಿವಿಗೂ ನಡುವೆ ಕುಳಿತುಕೊಳ್ಳುವ ಒಂದು ಯಂತ್ರ. ಸಮುದ್ರದಲ್ಲಿ ಆಗುವ ಅವಘಡಗಳಲ್ಲಿ ಬಹುಪಾಲು ಒಬ್ಬರ ಮಾತು ಇನ್ನೊಬ್ಬರಿಗೆ ಸರಿಯಾಗಿ ತಿಳಿಯದೆ ಆಗುವುದು ಎಂದು ಯಾರೋ ಲೆಕ್ಕ ಹಾಕಿದ್ದರು. ಹಾಗಾಗಿ ಹಳೆಯ ರೇಡಿಯೋಗಳನ್ನು ಕಿತ್ತು, ಮುಖ ನೋಡಿ ಮಾತಾಡುವ ಪರದೆಗಳನ್ನು ಹಡಗುಗಳಲ್ಲೂ ಬಂದರುಗಳಲ್ಲೂ ಕೂರಿಸಿದರು. ಮಾತಾಡುವವನ ಮುಖ ಮತ್ತು ದನಿ ಮೊದಲು ಯಂತ್ರಕ್ಕೆ ಹೋಗುತ್ತದೆ. ಅದು ತಿದ್ದಿ ಆಚೆ ಕಳುಹಿಸುತ್ತದೆ. ಕೇಳುವವನ ಕಣ್ಣಿನ ಪಾಪೆಯನ್ನೂ ಉಸಿರನ್ನೂ ಒಂದು ಕ್ಯಾಮರಾ ಅಳೆಯುತ್ತಿರುತ್ತದೆ. ಅವನಿಗೆ ಕಿರಿಕಿರಿಯಾದರೆ ಯಂತ್ರ ಇನ್ನಷ್ಟು ತಿದ್ದುತ್ತದೆ. ಯಾವ ಮುಖ ಹೇಗೆ ಮಾತಾಡಿದರೆ ಜನರಿಗೆ ಹಿತ ಎಂಬುದನ್ನು ಕಲಿಸಲು ಅದಕ್ಕೆ ಲೋಕದ ಸಿನಿಮಾ, ಧಾರಾವಾಹಿ, ಜಾಹೀರಾತುಗಳನ್ನೆಲ್ಲ ಉಣ್ಣಿಸಿದ್ದರು. ರೂಢಿಯಾದದ್ದನ್ನು ಕಂಡರೆ ಮನುಷ್ಯನಿಗೆ ನೆಮ್ಮದಿ, ಇದು ಸೌಮ್ಯವನ್ನು ಮಾಡಿದ ಕಂಪನಿಯ ವಿಜ್ಞಾನ. ಆ ವಿಜ್ಞಾನಕ್ಕೆ ಎಲ್ಲೋ ಒಂದು ಪ್ರಶಸ್ತಿಯೂ ಬಂದಿತ್ತು.

ಇಷ್ಟೆಲ್ಲ ನಡೆದರೂ ಗೋಪುರದಲ್ಲಿ ಕುಳಿತವರಿಗೆ ತಾವು ಆಚೆ ಹೇಗೆ ಕಾಣುತ್ತೇವೆ ಎಂಬುದು ಮಾತ್ರ ಕಾಣುತ್ತಿರಲಿಲ್ಲ.

ವಿನೋದಿನಿಯ ಗಂಡ ದಿವಾಕರ ಸುವರ್ಣ ನಟ. ಊರಿನ ರಂಗದ ಮೇಲೆ ರಾಜನಾಗಿ, ಮಂತ್ರಿಯಾಗಿ ಮೆರೆದವನನ್ನು ಹೊರದೇಶದ ಸಿನಿಮಾದವರು ಕರೆಸಿಕೊಂಡಿದ್ದರು. ಅಲ್ಲಿ ಅವನು ಟ್ಯಾಕ್ಸಿ ಓಡಿಸಿದ. ಅಂಗಡಿಯಲ್ಲಿ ಕುಳಿತು ಚಿಲ್ಲರೆಗೆ ಜಗಳಾಡಿದ. ಕನ್ನಡಕ ಹಾಕಿ ಕಂಪ್ಯೂಟರಿನ ಮುಂದೆ ಬೆವರಿದ. ಬಾಂಬು ಇಟ್ಟ, ಇನ್ನೊಂದು ಸಿನಿಮಾದಲ್ಲಿ ಅದೇ ಬಾಂಬಿಗೆ ಸತ್ತ. ನಾಯಕನಿಗಾಗಿ ಅವನು ಪ್ರಾಣ ಕೊಟ್ಟದ್ದುಂಟು. ನಾಯಕಿ ಅವನ ಮುಖ ನೋಡಿದ್ದಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಇಬ್ಬರೂ ಅವನದೇ ಸಿನಿಮಾ ನೋಡುತ್ತಿದ್ದರು. ಪರದೆಯ ಮೇಲೆ ದಿವಾಕರ ತಲೆಯನ್ನು ಅತ್ತಿತ್ತ ಆಡಿಸುತ್ತ, ಯಾವ ಊರಿನದ್ದೂ ಅಲ್ಲದ ಒಂದು ಇಂಗ್ಲಿಷಿನಲ್ಲಿ ಯಾರದೋ ಕಾಲಿಗೆ ಬೀಳುತ್ತಿದ್ದ.

“ಹೀಗೆ ಮಾತಾಡುವವರು ಎಲ್ಲಿದ್ದಾರೆ ಮಾರಾಯ್ರೆ?” ಎಂದಳು ವಿನೋದಿನಿ.

“ಎಲ್ಲಿಯೂ ಇಲ್ಲ. ಅದನ್ನು ಕಲಿಸ್ಲಿಕ್ಕೆ ಒಬ್ಬ ಮೇಷ್ಟ್ರಿದ್ದ. ಅವನೂ ಅವರವನೇ.” ದಿವಾಕರ ಕಾಲು ಚಾಚಿದ. “ಅವರ ಹತ್ರ ನಮ್ಮದು ಅಂತ ಇರುದು ನಾಲ್ಕೇ ಗೊಂಬೆ. ಗಂಡಸಾದ್ರೆ ಕೈ ಮುಗಿಬೇಕು, ಇಲ್ಲ ಕತ್ತಿ ಹಿಡಿಬೇಕು. ಹೆಂಗಸಾದ್ರೆ ಚಾ ಕೊಡ್ಬೇಕು, ಇಲ್ಲ ಚಾಕ್ಕೆ ವಿಷ ಹಾಕ್ಬೇಕು.”

“ಮತ್ತೆ ಯಾಕೆ ಹೋಗುದು ನೀವು?”

“ರಾಜನ ವೇಷಕ್ಕೆ ಇಲ್ಲಿ ಕರಿಯುವವರು ಯಾರಿದ್ದಾರೆ ಈಗ?” ಎಂದು ಅವನು ನಕ್ಕ. ಅವಳು ನಗಲಿಲ್ಲ. ಪರದೆಯಲ್ಲಿ ಕಾಲಿಗೆ ಬಿದ್ದವನನ್ನು ನೋಡಿದಾಗಲೆಲ್ಲ ಅವಳಿಗೆ ಗಂಡನ ಮೇಲಲ್ಲ, ನಿಂತು ಕಾಲು ಕೊಟ್ಟವನ ಮೇಲೆ ಹೇಸಿಗೆ ಬರುತ್ತಿತ್ತು.

ಆ ಮಳೆಗಾಲದ ಆರಂಭದಲ್ಲಿ ಒಂದು ಕಲ್ಲಿದ್ದಲ ಹಡಗು ಬಂದರಿನಲ್ಲಿ ಲಂಗರು ಹಾಕಿತ್ತು. ಕಪ್ತಾನನ ಹೆಸರು ಬ್ರೆನ್ನನ್. ವಿನೋದಿನಿ ಪರದೆಯಲ್ಲಿ ಎಷ್ಟೋ ಸಲ ಮಾತಾಡಿಸಿದ್ದವನು. ತಪಾಸಣೆಗೆಂದು ಅವಳು ಹಡಗು ಹತ್ತಿದಾಗ ಅವನು ಕೈಕುಲುಕಿ, ಅವಳ ಹಿಂದೆ ಯಾರನ್ನೋ ಹುಡುಕಿದ.

“ಗೋಪುರದ ಆ ಹುಡುಗಿ ಬರಲಿಲ್ಲವೇ? ವಿನೋದಿನಿ?”

“ನಾನೇ ವಿನೋದಿನಿ.”

ಬ್ರೆನ್ನನ್ ಒಳ್ಳೆಯ ತಮಾಷೆ ಕೇಳಿದವನಂತೆ ನಕ್ಕ. “ನೀವು ಅವಳ ಅಕ್ಕ ಇರಬೇಕು,” ಎಂದು, ತನ್ನ ಮಾತಿಗೆ ಸಾಕ್ಷಿಯಾಗಿ ಹಡಗಿನ ಪರದೆಯಲ್ಲಿ ಹಿಂದಿನ ದಿನದ ಸಂಭಾಷಣೆಯನ್ನು ಹಾಕಿ ತೋರಿಸಿದ.

ಪರದೆಯ ಮೇಲಿದ್ದವಳು ವಿನೋದಿನಿಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಬಣ್ಣ ಎರಡು ಪಾಲು ತಿಳಿ. ಕಿವಿಯ ಹಿಂದೆ ಒಂದು ಹೂ. ರೆಪ್ಪೆಗಳು ಎತ್ತಲಾರದಷ್ಟು ಭಾರ. ಅವಳು ಕತ್ತು ಓರೆ ಮಾಡಿ, ಒಡೆದ ಇಂಗ್ಲಿಷಿನಲ್ಲಿ, ಜೇನು ಸುರಿಸುತ್ತ ಹೇಳಿದಳು: “ಕ್ಷಮಿಸಿ ಕಪ್ತಾನರೇ... ತಮಗೆ ತೊಂದರೆ ಇಲ್ಲದಿದ್ದರೆ... ಸ್ವಲ್ಪ ನಿಧಾನ?”

ವಿನೋದಿನಿಗೆ ತಾನು ಹೇಳಿದ್ದು ಚೆನ್ನಾಗಿ ನೆನಪಿತ್ತು. ನೆಟ್ಟಗಿನ ಇಂಗ್ಲಿಷಿನಲ್ಲಿ, “ನಿಮ್ಮ ವೇಗ ಅಪಾಯಕಾರಿ. ಇಳಿಸಿ,” ಎಂದಿದ್ದಳು.

ಮೈಮೇಲೆ ಯಾರೋ ಎಂಜಲು ನೀರು ಎರಚಿದಂತಾಯಿತು ಅವಳಿಗೆ. “ಇದು ಯಂತ್ರದ ಕಿತಾಪತಿ. ನಾನು ಹೀಗೆ ಇಲ್ಲ, ಹೀಗೆ ಹೇಳಿಯೂ ಇಲ್ಲ. ಇನ್ನು ಮುಂದೆ ಪರದೆಯಲ್ಲಿ ಇವಳು ಬೇಡಿಕೊಂಡರೆ ಅದು ನನ್ನ ಆಜ್ಞೆ ಎಂದು ತಿಳಿಯಿರಿ,” ಎಂದು ಬಿಡಿಸಿ ಹೇಳಿದಳು. ಬ್ರೆನ್ನನ್ ಗಂಭೀರವಾಗಿ ತಲೆದೂಗಿದ. ಅವಳು ಏಣಿ ಇಳಿಯುವಾಗ ಮೇಲಿನಿಂದ, “ತಂಗಿಗೆ ನನ್ನ ನೆನಪು ಹೇಳಿ!” ಎಂದು ಕೂಗಿದ.

ಮರುದಿನವೇ ಅವಳು ಬಂದರಿನ ಮುಖ್ಯಸ್ಥರ ಕೋಣೆಯಲ್ಲಿ ಕಂಪನಿಯ ಪ್ರತಿನಿಧಿ ಪ್ರಣೀತ್ ಶಾನುಭಾಗನನ್ನು ಎದುರಿಗೆ ಕೂರಿಸಿಕೊಂಡಳು. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ನಗೆ.

“ಮೇಡಂ, ಕೇಳುಗರ ನೆಮ್ಮದಿ ಎಷ್ಟು ಏರಿದೆ ನೋಡಿ. ನಿಮ್ಮ ಬಗ್ಗೆ ಹಡಗಿನವರಿಂದ ಒಂದೇ ಒಂದು ದೂರಿಲ್ಲ.”

“ದೂರು ಬರ್ತಾ ಇದ್ದಾಗ ಅವರು ಹೇಳಿದ್ದು ಕೇಳ್ತಾ ಇದ್ರು.”

“ನಿಮಗೆ ಈ ರೂಪ ಇಷ್ಟವಿಲ್ಲದಿದ್ದರೆ ಬದಲಾಯಿಸಬಹುದು.” ಅವನು ಕೈಯಲ್ಲಿದ್ದ ಫಲಕವನ್ನು ತಿರುಗಿಸಿದ. ಅಲ್ಲಿ ಇನ್ನೊಬ್ಬ ವಿನೋದಿನಿ ಇದ್ದಳು. ಹುಬ್ಬು ಬಿಲ್ಲು, ತುಟಿ ರಕ್ತ, ಉಗುರು ಚೂರಿ. ಹೊಗೆಯ ಹಿಂದಿನಿಂದ ಯಾರನ್ನೋ ಕೊಲ್ಲುವ ಮೊದಲು ಚುಂಬಿಸುವವಳಂತೆ ನೋಡುತ್ತಿದ್ದಳು. “ಇದು ಖಡಕ್ ಮಾದರಿ.”

ವಿನೋದಿನಿ ಫಲಕವನ್ನು ಎರಡು ಬೆರಳಿನಿಂದ ಸತ್ತ ಜಿರಳೆಯನ್ನು ಸರಿಸುವಂತೆ ಆಚೆ ಸರಿಸಿದಳು. “ಇವೆರಡರ ನಡುವೆ ಎಂತದ್ದೂ ಇಲ್ವಾ? ಕೆಲಸಕ್ಕೆ ಬಂದು, ಕೆಲಸ ಮಾಡಿ, ಮನೆಗೆ ಹೋಗುವ ಒಬ್ಬ ಹೆಂಗಸು?”

ಶಾನುಭಾಗ ಪ್ರಾಮಾಣಿಕವಾಗಿಯೇ ಯೋಚಿಸಿದ. “ಇಲ್ಲ ಮೇಡಂ. ಅಂಥವರು ಸಿನಿಮಾಗಳಲ್ಲಿ ಸಿಗಲೇ ಇಲ್ಲ.”

“ಹಸನಬ್ಬನಿಗೆ?”

“ಅವರ ವಿಷಯ ಕಷ್ಟ. ಗಡ್ಡ ತೆಗೆದರೆ ಹಾಸ್ಯಪಾತ್ರ ಕೊಡಬಹುದು.”

ಮುಖ್ಯಸ್ಥರು ಕಿಟಕಿಯ ಹೊರಗೆ ನೋಡಿದರು. ಒಪ್ಪಂದಕ್ಕೆ ಸಹಿಯಾಗಿತ್ತು, ಅದನ್ನು ಮುರಿಯುವಷ್ಟು ಬೆನ್ನುಮೂಳೆ ಆ ಕೋಣೆಯಲ್ಲಿ ವಿನೋದಿನಿಯೊಬ್ಬಳಿಗಿತ್ತು, ಅಧಿಕಾರ ಇರಲಿಲ್ಲ.

ಮಳೆಗಾಲದ ನಿಷೇಧ ಮುಗಿದು ಮೀನುಗಾರಿಕೆ ಶುರುವಾಗುವ ದಿನ ಬಂತು. ಬೆಳಿಗ್ಗೆ ಅಳಿವೆಯಿಂದ ಬೋಟುಗಳು ಹಿಂಡುಹಿಂಡಾಗಿ ಹೊರಟವು. ಹಡಗುಗಳು ಬರುವ ಕಾಲುವೆಯನ್ನು ಅವು ಅಡ್ಡಹಾಯಬೇಕು. ಅಷ್ಟು ಹೊತ್ತು ದೊಡ್ಡ ಹಡಗುಗಳೆಲ್ಲ ಹೊರಗೆ ಕಾಯಬೇಕು ಎಂಬುದು ನಿಯಮ. ಬ್ರೆನ್ನನ್‌ನ ಹಡಗು ಕಾಯಲಿಲ್ಲ. ಮತ್ತೆ ಕಲ್ಲಿದ್ದಲು ತುಂಬಿಕೊಂಡು ಬಂದಿದ್ದ ಅದು, ದಾರಿ ತೋರಿಸುವ ಬಂದರಿನ ಪೈಲಟ್ ಹತ್ತುವ ಜಾಗವನ್ನೂ ದಾಟಿ ಕಾಲುವೆಯ ಬಾಯಿಗೆ ಬರುತ್ತಿತ್ತು.

“ಕಪ್ತಾನ್, ನಿಲ್ಲಿಸಿ. ಮುಂದೆ ಬೋಟುಗಳಿವೆ.”

ಬ್ರೆನ್ನನ್ ಪರದೆಯಲ್ಲಿ ಮುಗುಳ್ನಕ್ಕ. “ಶುಭೋದಯ, ನನ್ನ ಹೂವೇ.”

“ಜನ ಸಾಯುತ್ತಾರೆ! ನಿಲ್ಲಿಸಿ!” ವಿನೋದಿನಿಯ ಕೂಗಿಗೆ ಗೋಪುರದ ಗಾಜು ಅದುರಿತು. ಅವಳು ಕೂಗಿದಷ್ಟೂ ಆಚೆ ಅವನ ಮುಖ ಕರಗುತ್ತ ಹೋಯಿತು. ದನಿ ಏರಿದಷ್ಟೂ ಯಂತ್ರ ಅದನ್ನು ಇಳಿಸುತ್ತಿತ್ತು, ಬಹುಶಃ ಕಣ್ಣೀರನ್ನೂ ತುಂಬುತ್ತಿತ್ತು.

“ಅಳಬೇಡ. ನಾನು ಇದಕ್ಕಿಂತ ಇಕ್ಕಟ್ಟಿನ ಕಾಲುವೆ ನೋಡಿದ್ದೇನೆ,” ಎಂದು ಅವನು ಸಮಾಧಾನ ಹೇಳಿದ.

ಹಸನಬ್ಬ ಕ್ಯಾಮರಾದ ಮುಂದೆ ನುಗ್ಗಿದ. “ಸಾರ್, ದಯವಿಟ್ಟು ಎಂಜಿನ್ ನಿಲ್ಲಿಸಿ!”

ಬ್ರೆನ್ನನ್‌ನ ನಗು ಆರಿತು. “ಗೋಪುರವನ್ನು ಯಾರೋ ವಶಪಡಿಸಿಕೊಂಡಿದ್ದಾರೆ,” ಎಂದು ಅವನು ಪಕ್ಕದವನಿಗೆ ಹೇಳಿದ್ದು ಸ್ಪಷ್ಟವಾಗಿ ಕೇಳಿತು. ನಿಲ್ಲಬೇಕಾದ ಹಡಗು ವೇಗ ಹೆಚ್ಚಿಸಿತು.

ವಿನೋದಿನಿ ಆ ಕ್ಷಣ ಪರದೆಗೆ ಬೆನ್ನು ಹಾಕಿದಳು. ಗೋಪುರದ ಬಾಲ್ಕನಿಯಲ್ಲಿ ಹಳೆಯ ಸಂಕೇತದ ದೀಪವಿತ್ತು. ವಿದ್ಯುತ್ ಕೈಕೊಟ್ಟರೆ ಇರಲಿ ಎಂದು ಉಳಿಸಿಕೊಂಡದ್ದು. ಅದನ್ನು ಹಡಗಿನತ್ತ ತಿರುಗಿಸಿ ಒಂದು ಗಿಡ್ಡ ಮಿಂಚು, ಒಂದು ಉದ್ದ, ಮತ್ತೆ ಎರಡು ಗಿಡ್ಡ ಬಿಟ್ಟಳು. ‘ತಕ್ಷಣ ನಿಲ್ಲಿಸು’ ಎಂಬುದಕ್ಕೆ ಸಮುದ್ರದವರೆಲ್ಲ ಕಲಿತಿರುವ ಸಂಕೇತ ಅದು. “ಸೈರನ್ನಲ್ಲೂ ಅದನ್ನೇ ಹೊಡಿ!” ಎಂದು ಹಸನಬ್ಬನಿಗೆ ಕೂಗಿದಳು. ಬೆಳಕಿಗೆ ಮುಖವಿಲ್ಲ. ಸೈರನ್ನಿಗೆ ಗಂಡು ಹೆಣ್ಣಿಲ್ಲ. ತಿದ್ದಲು ಯಂತ್ರಕ್ಕೆ ಏನೂ ಸಿಗಲಿಲ್ಲ.

ಹಡಗು ನಿಂತಿತು. ನಿಂತಿತು ಎಂದರೆ ಅಷ್ಟು ಭಾರದ ಹಡಗು ಹೇಗೆ ನಿಲ್ಲುತ್ತದೋ ಹಾಗೆ: ಎಂಜಿನ್ ಹಿಮ್ಮುಖವಾಗಿ ತಿರುಗಿ, ಲಂಗರು ಕೆಳಗೆ ಬಿದ್ದು, ಮೂತಿ ಒಂದು ಬದಿಗೆ ಹೊರಳಿ. ಬೋಟುಗಳು ಚದುರಿ ಪಾರಾದವು. ಕೊನೆಯದೊಂದು ಮಾತ್ರ ಹಡಗು ಎಬ್ಬಿಸಿದ ನೀರಿಗೆ ಮಗುಚಿತು. ಅದರಲ್ಲಿದ್ದವರನ್ನೆಲ್ಲ ಉಳಿದ ಬೋಟಿನವರು ಎತ್ತಿದರು. ಗಣಪ ಮೆಂಡನ್ ಎಂಬವನ ಬಲಗೈ ಬೋಟಿನ ಅಡಿಗೆ ಸಿಕ್ಕಿ ಜಜ್ಜಿಹೋಗಿತ್ತು; ಆಸ್ಪತ್ರೆಯಲ್ಲಿ ಮೊಣಕೈಯವರೆಗೆ ಕತ್ತರಿಸಬೇಕಾಯಿತು.

ವಿನೋದಿನಿ ನೋಡಲು ಹೋದಾಗ ಗಣಪ ಗೋಡೆ ನೋಡುತ್ತ ಮಲಗಿದ್ದ. “ಬಲೆ ಎಳೆಯುವ ಕೈ ಅಕ್ಕ ಅದು,” ಎಂದನಷ್ಟೆ. ಅವಳು ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಬಹಳ ಹೊತ್ತು ಕುಳಿತಳು.

ವಿಚಾರಣೆಗೆ ಮೂವರ ಮಂಡಳಿ. ಇಬ್ಬರು ಹೊರದೇಶದಲ್ಲಿ ಕುಳಿತ, ಹಡಗಿನ ವಿಮೆಯವರು, ಪರದೆಯ ಮೂಲಕ ಬರುವವರು. ಇಲ್ಲಿ ಬಂದರಿನ ಸಭಾಂಗಣದಲ್ಲಿ ಖುದ್ದಾಗಿ ಕುಳಿತವರು ನಿವೃತ್ತ ನ್ಯಾಯಾಧೀಶ ಪದ್ಮರಾಜ ಬಲ್ಲಾಳರು. ತಪ್ಪು ವಿನೋದಿನಿಯದ್ದೆಂದು ಮೊದಲೇ ತೀರ್ಮಾನವಾದಂತಿತ್ತು. ಕಂಪನಿ ಉಳಿಸಿಕೊಂಡಿದ್ದದ್ದು ಸೌಮ್ಯ ಆಚೆ ಕಳುಹಿಸಿದ ಸಂಭಾಷಣೆಯನ್ನು ಮಾತ್ರ. ಅಸಲು ಮಾತನ್ನು ಜಾಗ ಉಳಿಸಲು ಅಳಿಸಿಹಾಕುತ್ತಿದ್ದರಂತೆ. ಉಳಿದದ್ದರಲ್ಲಿ ಒಬ್ಬ ಹೂ ಮುಡಿದ ಹುಡುಗಿ ಬಿಕ್ಕುತ್ತಿದ್ದಳು, ಒಬ್ಬ ಗಡ್ಡದವ ಹಲ್ಲು ಕಿರಿಯುತ್ತಿದ್ದ. ಗೋಪುರ ಸ್ಪಷ್ಟ ಆಜ್ಞೆ ಕೊಡಲಿಲ್ಲ ಎಂಬುದು ವಿಮೆಯವರ ವಾದ.

ವಿನೋದಿನಿ ಎದ್ದು ನಿಂತಳು. “ಮಾತಾಡುವ ಮೊದಲು ನನ್ನದೊಂದು ಕೋರಿಕೆ. ಅಲ್ಲಿಯವರಿಗೆ ನಾನು ಹೇಗೆ ಕಾಣ್ತೇನೆ, ಅದು ಇಲ್ಲಿಯೂ ಕಾಣ್ಬೇಕು.”

“ಅದು ಕಂಪನಿಯ ಒಳಗಿನ ತಂತ್ರ, ತೋರಿಸುವಂತಿಲ್ಲ,” ಎಂದ ಶಾನುಭಾಗ.

“ತೋರಿಸಪ್ಪ,” ಎಂದರು ಬಲ್ಲಾಳರು. ಅವರ ದನಿಯಲ್ಲಿ ಕೋರ್ಟಿನ ಹಳೆಯ ಮರದ ಗಡಸಿತ್ತು. ಶಾನುಭಾಗ ತೋರಿಸಿದ.

ವಿನೋದಿನಿ ವಿಮೆಯವರನ್ನು ನೆಟ್ಟಗೆ ನೋಡಿ ಇಂಗ್ಲಿಷಿನಲ್ಲಿ ಹೇಳಿದಳು: “ನಿಮ್ಮ ಕಪ್ತಾನ ನನ್ನ ಆಜ್ಞೆಯನ್ನು ಮತ್ತೆ ಮತ್ತೆ ಮೀರಿದ. ಅವನ ಮೂರ್ಖತನಕ್ಕೆ ಒಬ್ಬ ಮನುಷ್ಯ ಕೈ ಕಳೆದುಕೊಂಡಿದ್ದಾನೆ. ಅದಕ್ಕೆ ನೀವು ಉತ್ತರ ಹೇಳಬೇಕು.”

ಗೋಡೆಯ ಮೇಲಿನ ಪರದೆಯಲ್ಲಿ ಹೂ ಮುಡಿದವಳು ಸೆರಗಿನ ತುದಿಯಿಂದ ಕಣ್ಣೊತ್ತಿಕೊಂಡಳು. “ನನ್ನಿಂದ ತಪ್ಪಾಯಿತು ಸ್ವಾಮಿ. ನಾನು ಹೆಣ್ಣು, ಹೆದರಿಬಿಟ್ಟೆ.”

ವಿನೋದಿನಿ ಆ ದಿನ ತೊಟ್ಟದ್ದು ಬಂದರಿನ ಸಮವಸ್ತ್ರ. ಪ್ಯಾಂಟಿಗೆ ಸೆರಗಿರುವುದಿಲ್ಲ.

ವಿಮೆಯವರಲ್ಲಿ ಹಿರಿಯವನ ಮುಖ ಮೃದುವಾಯಿತು. “ನಿಮ್ಮ ಪ್ರಾಮಾಣಿಕತೆ ಮೆಚ್ಚಿದೆವು. ತಪ್ಪೊಪ್ಪಿಗೆಯನ್ನು ದಾಖಲಿಸಿಕೊಳ್ಳುತ್ತೇವೆ.”

ಬಲ್ಲಾಳರು ಮೇಜು ಕುಟ್ಟಿದರು. “ಎಂಥ ತಪ್ಪೊಪ್ಪಿಗೆ? ಅವರು ಆಪಾದನೆ ಮಾಡ್ತಾ ಇದ್ದಾರೆ! ಮೊದಲು ಈ ದರಿದ್ರ ಯಂತ್ರ ನಿಲ್ಲಿಸಿ!”

ಪರದೆಯ ಮೇಲೆ ಅವರಿಗೆ ಎದೆಯವರೆಗೆ ಬಿಳಿಯ ಗಡ್ಡ ಮೂಡಿತು. ಜೀವಮಾನದಲ್ಲಿ ಒಂದು ದಿನವೂ ಕ್ಷೌರ ತಪ್ಪಿಸದ ಮನುಷ್ಯ ಅವರು. ಆ ಗಡ್ಡದ ಮುದುಕ ಅರೆಗಣ್ಣು ಮುಚ್ಚಿ, ಕೈ ಎತ್ತಿ, ನಿಧಾನವಾಗಿ ನುಡಿದ: “ಮಗೂ, ಮೆಲ್ಲನೆ ಹರಿಯುವ ನದಿಯೇ ಕಡಲನ್ನು ಸೇರುತ್ತದೆ.”

ವಿಮೆಯವರಿಬ್ಬರೂ ಭಕ್ತಿಯಿಂದ ತಲೆಬಾಗಿದರು. ಕಿರಿಯವನು ಅದನ್ನು ಬರೆದುಕೊಂಡ.

ಸಭಾಂಗಣದ ಹಿಂದಿನ ಸಾಲಿನಲ್ಲಿದ್ದ ಹಸನಬ್ಬ ನಕ್ಕ. ತಡೆಯಲು ನೋಡಿ, ಆಗದೆ, ಹೊಟ್ಟೆ ಹಿಡಿದು ನಕ್ಕ. ಬಲ್ಲಾಳರು ನಗಲಿಲ್ಲ. ಎದ್ದು ಹೋಗಿ ತಮ್ಮ ಕೈಯಾರೆ ಯಂತ್ರದ ತಂತಿ ಕಿತ್ತರು. ವಿಮೆಯವರು ವಿಮಾನ ಹತ್ತಿ ಬಂದು ಎದುರು ಕುಳಿತ ಮೇಲಷ್ಟೇ ವಿಚಾರಣೆ ಮುಂದುವರಿಯಿತು. ತೀರ್ಪು ವಿನೋದಿನಿಯ ಪರವಾಯಿತು. ಗಣಪನಿಗೆ ಪರಿಹಾರ ಸಿಕ್ಕಿತು, ಕೈ ಸಿಗಲಿಲ್ಲ. ಪಡುಗರೆಯ ಗೋಪುರಕ್ಕೆ ಹಳೆಯ ರೇಡಿಯೋ ಮರಳಿತು. ಶಾನುಭಾಗ ಬಡ್ತಿ ಪಡೆದು ಬೇರೆ ಬಂದರಿಗೆ ಹೋದ. ಲೋಕದ ಉಳಿದ ಕಡೆ ಸೌಮ್ಯ ಹಾಗೇ ಉಳಿಯಿತು. ನೆಮ್ಮದಿ ಯಾರಿಗೆ ಬೇಡ?

ಒಂದು ವರ್ಷದ ನಂತರ ದಿವಾಕರನಿಗೆ ಹೊರದೇಶದಿಂದ ಕರೆ ಬಂತು. ಅದೇ ಅವಘಡದ ಮೇಲೆ ಸಿನಿಮಾ ತೆಗೆಯುತ್ತಾರಂತೆ. ಚಿತ್ರಕಥೆಯನ್ನೂ ಕಳುಹಿಸಿದ್ದರು. ದಿವಾಕರ ಅದನ್ನು ಓದಿ ಮುಗಿಸಿ ಅಡುಗೆಮನೆಗೆ ಬಂದ. ವಿನೋದಿನಿ ಬಂಗುಡೆ ಶುಚಿ ಮಾಡುತ್ತಿದ್ದಳು.

“ನಾಯಕ ಬ್ರೆನ್ನನ್,” ಎಂದ.

“ಹೌದಾ. ನಾನು?”

“ನೀನು ಅಳ್ತೀಯ.”

“ಮತ್ತೆ?”

“ಮತ್ತೆ ಅವನು ಕಣ್ಣೀರು ಒರೆಸ್ತಾನೆ. ಕೊನೆಗೆ ಅವನೊಟ್ಟಿಗೆ ಹಡಗು ಹತ್ತಿ ಹೋಗ್ತೀಯ.” ಅವನು ಗಂಟಲು ಸರಿಮಾಡಿಕೊಂಡ. “ನನಗೆ ಕೊಟ್ಟದ್ದು ಹಸನಬ್ಬನ ಪಾತ್ರ. ಹಡಗು ಮುಳುಗಿಸ್ಲಿಕ್ಕೆ ಸಂಚು ಮಾಡಿ ಗೋಪುರದಿಂದ ಬಿದ್ದು ಸಾಯುದು.”

ವಿನೋದಿನಿಯ ಕತ್ತಿ ಮೀನಿನ ಕುತ್ತಿಗೆಯ ಮೇಲೆ ನಿಂತಿತು. ದಿವಾಕರ ಅಲ್ಲಿಂದಲೇ ಹೋಗಿ ಕರೆ ಮಾಡಿ, ರಾಜನ ವೇಷದ ದಿನಗಳ ದನಿಯಲ್ಲಿ, ಈ ಹೊಲಸನ್ನು ತಾನು ಮುಟ್ಟುವುದಿಲ್ಲ ಎಂದ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಮದುವೆಯಾದಂದಿನಿಂದ ಗಂಡನ ಮೇಲೆ ಅಷ್ಟು ಪ್ರೀತಿ ಅವಳಿಗೆ ಬಂದಿರಲಿಲ್ಲ.

ವಾರದೊಳಗೆ ವಿಮಾನದ ಟಿಕೇಟು ಬಂತು. ಜೊತೆಗೊಂದು ಸಾಲು: ‘ತಮ್ಮ ವಿನಮ್ರ ಒಪ್ಪಿಗೆಗೆ ಧನ್ಯವಾದ.’

ಸೌಮ್ಯ ಸಿನಿಮಾದವರ ಫೋನುಗಳಿಗೂ ಬಂದಾಗಿತ್ತು.

“ಹರಿದು ಬಿಸಾಡ್ತೇನೆ,” ಎಂದ ದಿವಾಕರ.

“ಬೇಡ. ಹೋಗಿ,” ಎಂದಳು ವಿನೋದಿನಿ. “ಎದುರು ನಿಂತು, ಬಾಯಿಬಿಟ್ಟು ಹೇಳಿ ಬನ್ನಿ. ಗಾಳಿಯಲ್ಲಿ ಯಾವ ಯಂತ್ರವೂ ಇಲ್ಲ.”

ಅವನು ಹೋದ. ತಿರುಗಿ ಬಂದ ದಿನ ವಿನೋದಿನಿ ಗೇಟಿನ ಬಳಿಯೇ ನಿಂತಿದ್ದಳು. ಚೀಲ ಕೆಳಗಿಡುವುದಕ್ಕೂ ಬಿಡಲಿಲ್ಲ.

“ಹೇಳಿದ್ರಾ?”

“ಒಂದೂ ಬಿಡ್ಲಿಲ್ಲ. ಈ ಕಥೆ ಸುಳ್ಳು, ಆ ಹೆಂಗಸು ನನ್ನ ಹೆಂಡತಿ, ಆ ಗಡ್ಡದವ ನನ್ನ ಗೆಳೆಯ, ನಿಮ್ಮ ನಾಯಕ ಒಬ್ಬನ ಕೈ ತಿಂದ ಮೂರ್ಖ. ಕಾಲು ಗಂಟೆ ನಿಂತು ಹೇಳಿದೆ. ಮೇಜಿನ ಆಚೆ ಅವರು, ಈಚೆ ನಾನು. ನಡುವೆ ಎಂತದ್ದೂ ಇಲ್ಲ.”

“ಕೇಳಿದ್ರಾ ಅವರು?”

“ತುಂಬ ಗಮನ ಕೊಟ್ಟು ಕೇಳಿದ್ರು. ಮುಗಿದ ಮೇಲೆ ಅವರ ದೊಡ್ಡವ ಎದ್ದು ಬಂದು ನನ್ನ ಎರಡೂ ಕೈ ಹಿಡ್ಕೊಂಡ.”

“ಎಂತ ಹೇಳಿದ?”

ದಿವಾಕರ ಜಗಲಿಯ ಮೇಲೆ ಕುಳಿತು ಬೂಟಿನ ದಾರ ಬಿಚ್ಚಿದ.

“‘ನಿಮ್ಮ ಇಂಗ್ಲಿಷು ಎಷ್ಟು ಚಂದ! ಎಲ್ಲಿ ಕಲಿತಿರಿ?’ ಅಂತ ಕೇಳಿದ.”